ಎನ್.ಡಬ್ಲ್ಯು.ಎ: ಪೊಲೀಸರಿಗೆ ಬಗ್ಗದ ತಂಡ, ಲೆಕ್ಕಪತ್ರದ ಮುಂದೆ ಒಡೆಯಿತು

1989ರ ಆಗಸ್ಟ್ 1ರಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಹಿರಿಯ ಅಧಿಕಾರಿ ಮಿಲ್ಟ್ ಆಲರಿಚ್ ಅವರು ಪ್ರಯಾರಿಟಿ ರೆಕಾರ್ಡ್ಸ್ ಎಂಬ ಸಣ್ಣ ಸಂಗೀತ ಕಂಪನಿಗೆ ಒಂದು ಪತ್ರ ಬರೆದರು. ಆ ಕಂಪನಿ ಮಾರುತ್ತಿದ್ದ ಆಲ್ಬಂ ಒಂದರ ಹಾಡು ಪೊಲೀಸರ ವಿರುದ್ಧ ಹಿಂಸೆಯನ್ನೂ ಅಗೌರವವನ್ನೂ ಪ್ರಚೋದಿಸುತ್ತದೆ ಎಂಬುದು ಪತ್ರದ ತಾತ್ಪರ್ಯವಾಗಿತ್ತು. ಹಿಂದಿನ ವರ್ಷ, ಅಂದರೆ 1988ರಲ್ಲಿ, ಕರ್ತವ್ಯದಲ್ಲಿದ್ದ 78 ಪೊಲೀಸರು ದುಷ್ಕರ್ಮಿಗಳಿಂದ ಹತರಾದರೆಂಬ ಅಂಕಿಅಂಶವನ್ನೂ ಅದರಲ್ಲಿ ನಮೂದಿಸಲಾಗಿತ್ತು. ಕಾನೂನು ಕ್ರಮದ ಬೆದರಿಕೆ ಅದರಲ್ಲಿ ಇರಲಿಲ್ಲ. ಆದರೆ ದೇಶದ ಅತ್ಯಂತ ಪ್ರಬಲ ತನಿಖಾ ಸಂಸ್ಥೆಯೊಂದು ಹಾಡೊಂದರ ಬಗ್ಗೆ ತನ್ನ ನಿಲುವನ್ನು ಲಿಖಿತವಾಗಿ ತಿಳಿಸಿದ್ದು ಅಸಾಮಾನ್ಯ ಸಂಗತಿಯಾಗಿತ್ತು.

ಆ ಹಾಡನ್ನು ಹಾಡಿದವರು ಇಪ್ಪತ್ತರ ಹರೆಯದ ಯುವಕರು. ಅವರ ತಂಡದ ಹೆಸರು ಎನ್.ಡಬ್ಲ್ಯು.ಎ. ಕಪ್ಪು ಜನಾಂಗವನ್ನು ಹೀಯಾಳಿಸಲು ಬಿಳಿಯರು ಬಳಸುತ್ತಿದ್ದ ಬೈಗುಳವನ್ನೇ ಮೊದಲ ಅಕ್ಷರವಾಗಿಸಿಕೊಂಡು ಇಟ್ಟ ಹೆಸರು ಅದು. 'ಗ್ಯಾಂಗ್‌ಸ್ಟಾ ರ‍್ಯಾಪ್' ಎಂಬ ಪ್ರಕಾರವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ ಈ ತಂಡ ಪೊಲೀಸ್ ಇಲಾಖೆ, ಟಿ.ವಿ. ವಾಹಿನಿ ಹಾಗೂ ರೇಡಿಯೊ ಕೇಂದ್ರಗಳ ವಿರೋಧವನ್ನೆಲ್ಲ ಎದುರಿಸಿ ಗೆದ್ದಿತು. ಕೊನೆಗೆ ಅದು ಒಡೆದದ್ದು ತನ್ನದೇ ಮನೆಯೊಳಗಿನ ಹಣದ ಲೆಕ್ಕದಿಂದ. ಹುಟ್ಟಿನಿಂದ ವಿಘಟನೆಯವರೆಗೆ ತಂಡದ ಬದುಕು ಕೇವಲ ನಾಲ್ಕೈದು ವರ್ಷಗಳದ್ದು.

ಕಾಂಪ್ಟನ್ ಎಂಬ ಊರು

ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ನಗರದ ದಕ್ಷಿಣಕ್ಕಿರುವ ಕಾಂಪ್ಟನ್ ತನ್ನದೇ ಪುರಸಭೆಯುಳ್ಳ ಪ್ರತ್ಯೇಕ ಊರು. 1990ರ ಜನಗಣತಿಯ ವೇಳೆಗೆ ಅಲ್ಲಿನ ಜನಸಂಖ್ಯೆ ಸುಮಾರು 90 ಸಾವಿರ. ಎರಡನೇ ಮಹಾಯುದ್ಧದ ನಂತರದ ದಿನಗಳಲ್ಲಿ ಅದು ಬಿಳಿಯ ಮಧ್ಯಮವರ್ಗದವರ ಬಡಾವಣೆಯಾಗಿತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ 1949ರಲ್ಲಿ ಕೆಲಕಾಲ ಇಲ್ಲಿ ವಾಸವಾಗಿದ್ದರು. ಕಪ್ಪು ಜನರಿಗೆ ಮನೆ ಮಾರಕೂಡದೆಂಬ ಕರಾರುಗಳು ಕಾನೂನಿನ ಬಲ ಕಳೆದುಕೊಂಡ ಮೇಲೆ ಆಫ್ರಿಕನ್-ಅಮೆರಿಕನ್ ಕುಟುಂಬಗಳು ಬಂದು ನೆಲೆಸಿದವು. ಪಕ್ಕದ ವಾಟ್ಸ್ ಪ್ರದೇಶದಲ್ಲಿ 1965ರಲ್ಲಿ ಗಲಭೆ ನಡೆದ ಬಳಿಕ ಬಿಳಿಯರು ಗುಂಪುಗುಂಪಾಗಿ ಊರು ಬಿಟ್ಟರು. ಅವರ ಹಿಂದೆಯೇ ಅಂಗಡಿ ಮುಂಗಟ್ಟುಗಳೂ ಹೊರಟವು.

ಉಳಿದವರ ಅನ್ನದ ಆಧಾರವಾಗಿದ್ದ ಕಾರ್ಖಾನೆಗಳು ಮುಚ್ಚಿದ್ದು ಅನಂತರದ ಪೆಟ್ಟು. ನೆರೆಯ ಸೌತ್ ಗೇಟ್‌ನಲ್ಲಿದ್ದ ಫೈರ್‌ಸ್ಟೋನ್ ಟಯರ್ ಕಾರ್ಖಾನೆ 1980ರಲ್ಲಿ, ಜನರಲ್ ಮೋಟಾರ್ಸ್ ಕಾರು ಕಾರ್ಖಾನೆ 1982ರಲ್ಲಿ ಬಾಗಿಲು ಹಾಕಿದವು. ಕೆಲಸವಿಲ್ಲದ ಬೀದಿಗಳಿಗೆ ಎಂಬತ್ತರ ದಶಕದ ಮಧ್ಯಭಾಗದಲ್ಲಿ 'ಕ್ರ್ಯಾಕ್' ಎಂಬ ಅಗ್ಗದ ಕೊಕೇನ್ ಬಂತು. ಅದರ ವ್ಯಾಪಾರದ ಹಿಡಿತಕ್ಕಾಗಿ ಕ್ರಿಪ್ಸ್ ಮತ್ತು ಬ್ಲಡ್ಸ್ ಎಂಬ ಗುಂಪುಗಳು ಪರಸ್ಪರ ಗುಂಡು ಹಾರಿಸತೊಡಗಿದವು.

ಇದಕ್ಕೆ ಆಡಳಿತ ನೀಡಿದ ಉತ್ತರವೂ ಅಷ್ಟೇ ಒರಟಾಗಿತ್ತು. ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ನೇತೃತ್ವದ ಲಾಸ್ ಏಂಜಲೀಸ್ ಪೊಲೀಸರು 'ಆಪರೇಷನ್ ಹ್ಯಾಮರ್' ಎಂಬ ಕಾರ್ಯಾಚರಣೆ ಕೈಗೊಂಡು, 1988ರ ಏಪ್ರಿಲ್ ತಿಂಗಳ ಒಂದೇ ವಾರಾಂತ್ಯದಲ್ಲಿ 1,400ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಅವರಲ್ಲಿ ಬಹುತೇಕರನ್ನು ಯಾವ ಆರೋಪವೂ ಇಲ್ಲದೆ ಬಿಟ್ಟು ಕಳುಹಿಸಲಾಯಿತು. ಅದೇ ವರ್ಷದ ಆಗಸ್ಟ್ 1ರಂದು 80ಕ್ಕೂ ಹೆಚ್ಚು ಪೊಲೀಸರು ಡಾಲ್ಟನ್ ಅವೆನ್ಯೂದ ವಸತಿ ಕಟ್ಟಡಗಳ ಮೇಲೆ ದಾಳಿ ನಡೆಸಿ, ಮನೆಗಳ ಗೋಡೆ, ಪೀಠೋಪಕರಣ, ಪಾತ್ರೆ ಪಗಡಿಗಳನ್ನು ಒಡೆದು ಹಾಕಿದರು. ಸಿಕ್ಕ ಮಾದಕವಸ್ತು ಅತ್ಯಲ್ಪ. ಸಂತ್ರಸ್ತರಿಗೆ ನಗರಾಡಳಿತ ಸುಮಾರು 40 ಲಕ್ಷ ಡಾಲರ್ ಪರಿಹಾರ ತೆರಬೇಕಾಯಿತು. ಎಫ್‌ಬಿಐ ಪತ್ರ ಬರೆದದ್ದು ಈ ದಾಳಿ ನಡೆದ ಸರಿಯಾಗಿ ಒಂದು ವರ್ಷಕ್ಕೆ ಎಂಬುದು ಕಾಕತಾಳೀಯ. ಆದರೆ ಹಾಡಿನ ಸಿಟ್ಟು ಎಲ್ಲಿಂದ ಹುಟ್ಟಿತೆಂಬುದನ್ನು ತಿಳಿಯಲು ಈ ಎರಡೂ ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ.

ಐವರು ಸೇರಿದ ಬಗೆ

ತಂಡದ ಮೂಲಪುರುಷ ಎರಿಕ್ ರೈಟ್. ವೇದಿಕೆಯ ಹೆಸರು ಈಜಿ-ಇ. ಮಾದಕವಸ್ತು ಮಾರಿ ಗಳಿಸಿದ ಹಣವನ್ನೇ ಬಂಡವಾಳವಾಗಿಸಿ ಸಂಗೀತ ಕಂಪನಿ ತೆರೆದೆನೆಂದು ಆತನೇ ಹೇಳಿಕೊಳ್ಳುತ್ತಿದ್ದ. 1987ರಲ್ಲಿ ಆರಂಭವಾದ ಆ ಕಂಪನಿಯ ಹೆಸರು ರೂತ್‌ಲೆಸ್ ರೆಕಾರ್ಡ್ಸ್. ವ್ಯವಹಾರ ನೋಡಿಕೊಳ್ಳಲು ಆತ ಜೊತೆಗೂಡಿದ್ದು ಜೆರ‍್ರಿ ಹೆಲ್ಲರ್ ಎಂಬ ಅನುಭವಿ ಮ್ಯಾನೇಜರ್‌ನೊಂದಿಗೆ. ಹಿಂದೆ ಎಲ್ಟನ್ ಜಾನ್, ಪಿಂಕ್ ಫ್ಲಾಯ್ಡ್ ಮುಂತಾದವರ ಅಮೆರಿಕ ಪ್ರವಾಸಗಳನ್ನು ಏರ್ಪಡಿಸಿದ್ದ ಹೆಲ್ಲರ್‌ಗೆ ಆಗ ವಯಸ್ಸು ಐವತ್ತರ ಸಮೀಪ.

ಸಂಗೀತದ ಹೊಣೆ ಆಂಡ್ರೆ ಯಂಗ್ ಅಲಿಯಾಸ್ ಡಾ. ಡ್ರೆ ಮತ್ತು ಆಂಟ್ವಾನ್ ಕ್ಯಾರಬಿ ಅಲಿಯಾಸ್ ಡಿಜೆ ಯೆಲ್ಲಾ ಅವರದು. ಇಬ್ಬರೂ ಅದಕ್ಕೆ ಮೊದಲು ನೃತ್ಯಕೂಟಗಳಿಗೆ ಸಂಗೀತ ನುಡಿಸುವ ತಂಡವೊಂದರಲ್ಲಿದ್ದರು. ಸಾಹಿತ್ಯ ಬರೆಯುವವರು ಓಷೇ ಜಾಕ್ಸನ್ ಅಲಿಯಾಸ್ ಐಸ್ ಕ್ಯೂಬ್ ಮತ್ತು ಲೊರೆಂಜೊ ಪ್ಯಾಟರ್ಸನ್ ಅಲಿಯಾಸ್ ಎಂಸಿ ರೆನ್. ಆರಂಭದಲ್ಲಿ ಜೊತೆಗಿದ್ದ ಅರೇಬಿಯನ್ ಪ್ರಿನ್ಸ್ ಬೇಗನೆ ದೂರವಾದರು. ಟೆಕ್ಸಾಸ್‌ನಿಂದ ಬಂದ ಡಿ.ಒ.ಸಿ. ಎಂಬ ಯುವಕ ತೆರೆಮರೆಯಲ್ಲಿದ್ದು ಸಾಹಿತ್ಯಕ್ಕೆ ನೆರವಾದರು. ಐಸ್ ಕ್ಯೂಬ್ ನಡುವೆ ಒಂದು ವರ್ಷ ಅರಿಜೋನಾದಲ್ಲಿ ವಾಸ್ತುಶಿಲ್ಪದ ನಕ್ಷೆ ಬಿಡಿಸುವ ಕೋರ್ಸ್ ಓದಿ ಬಂದಿದ್ದರೆಂಬುದು ಹಲವರಿಗೆ ತಿಳಿಯದ ಸಂಗತಿ. ಹಾಡು ಕೈಹಿಡಿಯದಿದ್ದರೆ ಹೊಟ್ಟೆಪಾಡಿಗೆ ಒಂದು ದಾರಿ ಇರಲೆಂಬ ಮುಂದಾಲೋಚನೆ ಅದು.

ಈಜಿ-ಇ ಗಾಯಕನಾದದ್ದೂ ಆಕಸ್ಮಿಕ. ಐಸ್ ಕ್ಯೂಬ್ ಬರೆದ 'ಬಾಯ್ಜ್-ನ್-ದ-ಹುಡ್' ಹಾಡನ್ನು ಮೂಲತಃ ನ್ಯೂಯಾರ್ಕ್‌ನ ತಂಡವೊಂದಕ್ಕೆ ಕೊಡಲಾಗಿತ್ತು. ತಮಗೆ ಈ ಧಾಟಿ ಒಗ್ಗದೆಂದು ಅವರು ಕೈಬಿಟ್ಟಾಗ, ಅದುವರೆಗೆ ಎಂದೂ ಹಾಡಿರದ ಈಜಿ-ಇಯನ್ನು ಡ್ರೆ ಒಪ್ಪಿಸಿ ಮೈಕಿನ ಮುಂದೆ ನಿಲ್ಲಿಸಿದರು. ಒಂದೊಂದೇ ಸಾಲನ್ನು ಬಿಡಿಬಿಡಿಯಾಗಿ ಧ್ವನಿಮುದ್ರಿಸಿ ಜೋಡಿಸಬೇಕಾಯಿತು. 1987ರಲ್ಲಿ ಹೊರಬಂದ ಆ ಹಾಡು ಲಾಸ್ ಏಂಜಲೀಸ್‌ನ ಬೀದಿಗಳಲ್ಲಿ ಜನಪ್ರಿಯವಾಯಿತು.

ಬೀದಿಯ ಅಪರಾಧವನ್ನು ಹಾಡಿಗೆ ತಂದವರಲ್ಲಿ ಇವರೇ ಮೊದಲಿಗರಲ್ಲ. ಫಿಲಡೆಲ್ಫಿಯಾದ ಸ್ಕೂಲಿ ಡಿ, ಲಾಸ್ ಏಂಜಲೀಸ್‌ನವರೇ ಆದ ಐಸ್-ಟಿ ಇವರಿಗಿಂತ ಮುಂಚೆ ಆ ದಾರಿ ತುಳಿದಿದ್ದರು. ಆದರೆ ಆ ಧಾಟಿಗೆ ರಾಷ್ಟ್ರವ್ಯಾಪಿ ಮಾರುಕಟ್ಟೆ ದೊರಕಿಸಿಕೊಟ್ಟದ್ದು ಎನ್.ಡಬ್ಲ್ಯು.ಎ. ಇದನ್ನು ಅವರು 'ವಾಸ್ತವದ ರ‍್ಯಾಪ್' ಎಂದು ಕರೆದುಕೊಂಡರು. ಪತ್ರಿಕೆಗಳು ಬರೆಯದ ಬೀದಿಗಳ ವರದಿಗಾರರು ನಾವು ಎಂಬುದು ಅವರ ವಾದವಾಗಿತ್ತು.

ರೇಡಿಯೊ ಇಲ್ಲದೆ ಹತ್ತು ಲಕ್ಷ

1988ರ 'ಸ್ಟ್ರೇಟ್ ಔಟಾ ಕಾಂಪ್ಟನ್' ಆಲ್ಬಂಗೆ ತಗುಲಿದ ವೆಚ್ಚ ಹತ್ತು ಸಾವಿರ ಡಾಲರ್ ಆಸುಪಾಸು ಎನ್ನಲಾಗುತ್ತದೆ. ದೊಡ್ಡ ಕಂಪನಿಗಳ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ರೇಡಿಯೊ ಕೇಂದ್ರಗಳು ಹಾಡುಗಳನ್ನು ಬಿತ್ತರಿಸಲಿಲ್ಲ. ಶೀರ್ಷಿಕೆ ಗೀತೆಯ ದೃಶ್ಯಾವಳಿಯನ್ನು ಎಂಟಿವಿ ವಾಹಿನಿ 1989ರಲ್ಲಿ ನಿಷೇಧಿಸಿತು. ಹಾಗಿದ್ದೂ ಆಲ್ಬಂ ಒಂದೇ ವರ್ಷದೊಳಗೆ ಹತ್ತು ಲಕ್ಷ ಪ್ರತಿಗಳ ಗಡಿ ದಾಟಿ 'ಪ್ಲಾಟಿನಂ' ಮನ್ನಣೆ ಪಡೆಯಿತು. ಕೊಂಡವರಲ್ಲಿ ಕಾಂಪ್ಟನ್ ಎಲ್ಲಿದೆ ಎಂದೇ ತಿಳಿಯದ ಬಿಳಿಯ ಉಪನಗರಗಳ ಹುಡುಗರೂ ದೊಡ್ಡ ಸಂಖ್ಯೆಯಲ್ಲಿದ್ದರು.

ಎಫ್‌ಬಿಐ ಆಕ್ಷೇಪಿಸಿದ ಹಾಡಿನ ಶೀರ್ಷಿಕೆಯೇ ಪೊಲೀಸರನ್ನು ಅಶ್ಲೀಲ ಪದದಿಂದ ನಿಂದಿಸುವಂಥದ್ದು. ಅದರ ರಚನೆ ಒಂದು ಅಣಕು ನ್ಯಾಯಾಲಯದ ರೂಪದಲ್ಲಿದೆ. ಡ್ರೆ ನ್ಯಾಯಾಧೀಶ, ಉಳಿದವರು ಒಬ್ಬೊಬ್ಬರಾಗಿ ಬಂದು ಸಾಕ್ಷಿ ನುಡಿಯುತ್ತಾರೆ, ಕಟಕಟೆಯಲ್ಲಿ ನಿಲ್ಲುವುದು ಪೊಲೀಸ್ ಇಲಾಖೆ. ಬಣ್ಣ ನೋಡಿ ತಡೆದು ತಪಾಸಣೆ ನಡೆಸುವುದು, ಕೈಯಲ್ಲಿ ಹಣವಿದ್ದ ಕಪ್ಪು ಹುಡುಗನೆಲ್ಲ ಮಾದಕವಸ್ತು ಮಾರುವವನೆಂದು ಭಾವಿಸುವುದು ಆ ಸಾಕ್ಷ್ಯಗಳಲ್ಲಿ ಬರುವ ದೂರುಗಳು. ಜೊತೆಗೆ ಪೊಲೀಸರಿಗೆ ಪ್ರತಿಹಿಂಸೆಯ ಬೆದರಿಕೆಯೂ ಅದರಲ್ಲಿದೆ. ಆಕ್ಷೇಪ ಸಂಪೂರ್ಣ ಆಧಾರರಹಿತವಾಗಿತ್ತು ಎನ್ನಲಾಗದು.

ಬೇರೆ ಬೇರೆ ನಗರಗಳ ಪೊಲೀಸರು ಹಾಡಿನ ಸಾಹಿತ್ಯವನ್ನು ಪರಸ್ಪರ ಫ್ಯಾಕ್ಸ್ ಮೂಲಕ ಹಂಚಿಕೊಂಡು, ತಂಡದ ಕಾರ್ಯಕ್ರಮಗಳಿಗೆ ಭದ್ರತೆ ನೀಡಲು ಹಿಂದೇಟು ಹಾಕಿದರು. ಪತ್ರ ಬರೆದ ವಾರದಲ್ಲೇ, ಆಗಸ್ಟ್ 6ರಂದು, ಡೆಟ್ರಾಯಿಟ್ ನಗರದ ಜೋ ಲೂಯಿಸ್ ಕ್ರೀಡಾಂಗಣದಲ್ಲಿ ತಂಡ ಆ ಹಾಡನ್ನು ಎತ್ತಿಕೊಳ್ಳುತ್ತಿದ್ದಂತೆ ಪೊಲೀಸರು ವೇದಿಕೆಯತ್ತ ನುಗ್ಗಿದರು. ಕಾರ್ಯಕ್ರಮ ಅರ್ಧಕ್ಕೇ ನಿಂತಿತು.

ಆದರೆ ಪತ್ರ ತಿರುಗುಬಾಣವಾಯಿತು. ಸಂಸತ್ ಸದಸ್ಯ ಡಾನ್ ಎಡ್ವರ್ಡ್ಸ್ ಹಾಗೂ ನಾಗರಿಕ ಹಕ್ಕುಗಳ ಸಂಘಟನೆಗಳು ಇದು ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸರ್ಕಾರದ ಹಸ್ತಕ್ಷೇಪವೆಂದು ಟೀಕಿಸಿದವು. ಪತ್ರಿಕೆಗಳು ಸುದ್ದಿ ಮಾಡಿದವು, ಆಲ್ಬಂನ ಮಾರಾಟ ಏರಿತು. ಜಾಹೀರಾತಿಗೆ ಹಣವಿಲ್ಲದ ಕಂಪನಿಗೆ ಎಫ್‌ಬಿಐಯೇ ಪುಕ್ಕಟೆ ಪ್ರಚಾರ ಕೊಟ್ಟಂತಾಯಿತು.

ಪ್ರಯಾರಿಟಿ ರೆಕಾರ್ಡ್ಸ್ ಬಗ್ಗದಿರಲು ಇನ್ನೊಂದು ಕಾರಣವೂ ಇದೆ. ಅದು ಸ್ವತಂತ್ರ ಕಂಪನಿ. ಷೇರುದಾರರ ಭಯ ಅದಕ್ಕಿರಲಿಲ್ಲ. 1992ರಲ್ಲಿ ಐಸ್-ಟಿ ಅವರ 'ಬಾಡಿ ಕೌಂಟ್' ತಂಡ ಪೊಲೀಸರ ವಿರುದ್ಧದ ಇಂಥದೇ ಹಾಡೊಂದನ್ನು ಹೊರತಂದಾಗ, ಅದನ್ನು ಪ್ರಕಟಿಸಿದ್ದು ಟೈಮ್ ವಾರ್ನರ್ ಎಂಬ ಬೃಹತ್ ಸಂಸ್ಥೆ. ಷೇರುದಾರರ ಸಭೆಯಲ್ಲೇ ಪ್ರತಿಭಟನೆ ನಡೆದು, ಕೊನೆಗೆ ಆ ಹಾಡನ್ನು ಆಲ್ಬಂನಿಂದ ತೆಗೆದುಹಾಕಲಾಯಿತು.

ಒಡಕಿನ ಬೀಜ

ಹೊರಗಿನ ಒತ್ತಡಕ್ಕೆ ಜಗ್ಗದ ತಂಡ ಒಳಗೆ ಶಿಥಿಲವಾಗತೊಡಗಿತ್ತು. ಇದನ್ನು ಅರಿಯಲು ಸಂಗೀತೋದ್ಯಮದ ಲೆಕ್ಕವನ್ನು ಸ್ವಲ್ಪ ತಿಳಿಯಬೇಕು. ಒಂದು ಹಾಡಿನಲ್ಲಿ ಎರಡು ಬಗೆಯ ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕು ಒಂದು. ಧ್ವನಿಮುದ್ರಣದ ಹಕ್ಕು ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಹಣ ಹೂಡಿದ ಕಂಪನಿಯ ಪಾಲಾಗುತ್ತದೆ. ಮೊದಲನೆಯದು ಬರೆದವರದು, ಅದೂ ಕೂಡ ಒಪ್ಪಂದದಲ್ಲಿ ಬರೆದುಕೊಟ್ಟರೆ ಕೈತಪ್ಪುತ್ತದೆ. ಕಲಾವಿದನ ಪರವಾಗಿ ಕಂಪನಿಯೊಂದಿಗೆ ಚೌಕಾಸಿ ಮಾಡಿ ಹೆಚ್ಚು ಹಣ ಕೊಡಿಸುವುದು ಮ್ಯಾನೇಜರ್‌ನ ಕೆಲಸ.

ಎನ್.ಡಬ್ಲ್ಯು.ಎ. ವಿಷಯದಲ್ಲಿ ತೊಡಕಿದ್ದುದೇ ಇಲ್ಲಿ. ಜೆರ‍್ರಿ ಹೆಲ್ಲರ್ ತಂಡದ ಮ್ಯಾನೇಜರ್. ತಂಡಕ್ಕೆ ಹಣ ಕೊಡಬೇಕಾದ ರೂತ್‌ಲೆಸ್ ರೆಕಾರ್ಡ್ಸ್‌ನ ವ್ಯವಹಾರ ನಡೆಸುವವರೂ ಅವರೇ. ಕೊಡುವ ಕೈಯೂ ಪಡೆಯುವವರ ಪರ ವಾದಿಸಬೇಕಾದ ಬಾಯಿಯೂ ಒಬ್ಬನದೇ ಆಗಿತ್ತು. ಈಜಿ-ಇ ಕಂಪನಿಯ ಮಾಲೀಕ. ಉಳಿದವರು ಆ ಮಾಲೀಕನ ಗೆಳೆಯರಾಗಿದ್ದರೂ ಕಾಗದದ ಮೇಲೆ ಕೂಲಿಯವರಂತಾದರು.

ಆಲ್ಬಂನ ಸಾಹಿತ್ಯದಲ್ಲಿ ದೊಡ್ಡ ಪಾಲು ಬರೆದ ಐಸ್ ಕ್ಯೂಬ್‌ಗೆ ಸಿಕ್ಕಿದ್ದು ಸುಮಾರು 32 ಸಾವಿರ ಡಾಲರ್ ಎಂದು ಆಗ ವರದಿಯಾಗಿತ್ತು. ಮುಂದಿನ ಒಪ್ಪಂದಕ್ಕೆ ಸಹಿ ಹಾಕಿದರೆ 75 ಸಾವಿರ ಡಾಲರ್ ಕೊಡುವ ಪ್ರಸ್ತಾಪ ಬಂತು. ತನ್ನದೇ ವಕೀಲರಿಗೆ ತೋರಿಸದೆ ಸಹಿ ಹಾಕಲು ಅವರು ಒಪ್ಪಲಿಲ್ಲ. 1989ರ ಕೊನೆಯ ವೇಳೆಗೆ ತಂಡ ತೊರೆದ ಕ್ಯೂಬ್, ನ್ಯೂಯಾರ್ಕ್‌ಗೆ ತೆರಳಿ 1990ರಲ್ಲಿ ತಮ್ಮದೇ ಆಲ್ಬಂ ಹೊರತಂದು ಯಶಸ್ವಿಯಾದರು. ತಾನು ಯಾರಿಗೂ ಮೋಸ ಮಾಡಿಲ್ಲವೆಂಬುದು ಹೆಲ್ಲರ್ ಅವರ ನಿಲುವಾಗಿತ್ತು. 2006ರಲ್ಲಿ ಬರೆದ ಆತ್ಮಕಥನದಲ್ಲೂ, 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನೇ ಸಮರ್ಥಿಸಿಕೊಂಡರು.

ಇದೇ ಪ್ರಶ್ನೆಯನ್ನು ತಂಡಕ್ಕೂ ಕೇಳಬಹುದಿತ್ತು. ಆಲ್ಬಂನ ಶೀರ್ಷಿಕೆ ಗೀತೆಯ ತಾಳ, ದಿ ವಿನ್‌ಸ್ಟನ್ಸ್ ಎಂಬ ತಂಡದ 1969ರ ಹಾಡೊಂದರಿಂದ ಎತ್ತಿಕೊಂಡ ಕೆಲವೇ ಸೆಕೆಂಡುಗಳ ಡ್ರಮ್ ವಾದನ. ಮುಂದೆ ಸಾವಿರಾರು ಹಾಡುಗಳಲ್ಲಿ ಬಳಕೆಯಾದ ಆ ತುಣುಕನ್ನು ನುಡಿಸಿದ ಗ್ರೆಗರಿ ಕೋಲ್ಮನ್, ಅದಕ್ಕಾಗಿ ರಾಯಲ್ಟಿ ಕಾಣದೆ 2006ರಲ್ಲಿ ಬಡತನದಲ್ಲೇ ನಿಧನರಾದರು.

ಹಾಡಿನಾಚೆಯ ಹಿಂಸೆ

ತಂಡದ ಚರಿತ್ರೆಯಲ್ಲಿ ಮರೆಮಾಚಲಾಗದ ಇನ್ನೊಂದು ಅಧ್ಯಾಯವಿದೆ. ಪೊಲೀಸರ ದೌರ್ಜನ್ಯವನ್ನು ಖಂಡಿಸಿದ ಹಾಡುಗಾರರೇ ಹೆಣ್ಣನ್ನು ಹೀನಾಯವಾಗಿ ಚಿತ್ರಿಸಿದರು. ಅದು ಹಾಡಿಗಷ್ಟೇ ಸೀಮಿತವಾಗಿರಲಿಲ್ಲ. ರ‍್ಯಾಪ್ ಕುರಿತ ಟಿ.ವಿ. ಕಾರ್ಯಕ್ರಮದ ನಿರೂಪಕಿ ಡೀ ಬಾರ್ನ್ಸ್ ಅವರ ಕಾರ್ಯಕ್ರಮದಲ್ಲಿ ಐಸ್ ಕ್ಯೂಬ್ ಹಳೆಯ ಗೆಳೆಯರನ್ನು ಮೂದಲಿಸಿದ ತುಣುಕು ಪ್ರಸಾರವಾಗಿತ್ತು. ಅದರ ಸಿಟ್ಟಿಗೆ ಡಾ. ಡ್ರೆ 1991ರ ಜನವರಿಯಲ್ಲಿ ಹಾಲಿವುಡ್‌ನ ಔತಣಕೂಟವೊಂದರಲ್ಲಿ ಆಕೆಯ ಮೇಲೆ ಹಲ್ಲೆ ನಡೆಸಿದರು. ನ್ಯಾಯಾಲಯದಲ್ಲಿ ಆರೋಪವನ್ನು ಎದುರಿಸಿ ವಾದಿಸದ ಅವರಿಗೆ ದಂಡ, ಸಮುದಾಯ ಸೇವೆ ಮತ್ತು ನಿಗಾವಣೆಯ ಶಿಕ್ಷೆ ವಿಧಿಸಲಾಯಿತು. ತಂಡದ ಕತೆಯನ್ನು ಹೇಳುವ ಚಲನಚಿತ್ರ 2015ರಲ್ಲಿ ತೆರೆಕಂಡಾಗ ಈ ಘಟನೆ ಅದರಲ್ಲಿ ಇರಲಿಲ್ಲ. ಬಾರ್ನ್ಸ್ ಅದನ್ನು ಬಹಿರಂಗವಾಗಿ ಪ್ರಶ್ನಿಸಿದ ಮೇಲೆ, ತಾನು ನೋಯಿಸಿದ ಮಹಿಳೆಯರಲ್ಲಿ ಡ್ರೆ ಕ್ಷಮೆ ಕೋರಿದರು. ಅಷ್ಟರಲ್ಲಿ 24 ವರ್ಷಗಳು ಕಳೆದಿದ್ದವು.

ಶಿಖರ ಮತ್ತು ಪತನ

ಕ್ಯೂಬ್ ಇಲ್ಲದೆ 1991ರ ಮೇ ತಿಂಗಳಲ್ಲಿ ಬಿಡುಗಡೆಯಾದ ಎರಡನೇ ಪ್ರಮುಖ ಆಲ್ಬಂ ಅಮೆರಿಕದ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಂಗಡಿಗಳ ಬಾರ್‌ಕೋಡ್ ಲೆಕ್ಕ ಆಧರಿಸಿ ಪಟ್ಟಿ ತಯಾರಿಸುವ ಪದ್ಧತಿ ಆ ಹೊತ್ತಿಗಷ್ಟೇ ಜಾರಿಗೆ ಬಂದಿತ್ತು. ಹಿಂದೆ ಅಂಗಡಿಯವರ ಬಾಯಿಮಾತಿನ ವರದಿಯಲ್ಲಿ ಹಿನ್ನೆಲೆಗೆ ಸರಿಯುತ್ತಿದ್ದ ರ‍್ಯಾಪ್‌ನ ನಿಜವಾದ ಮಾರಾಟ ಆಗ ಬೆಳಕಿಗೆ ಬಂತು. ಬ್ರಿಟನ್‌ನಲ್ಲಿ ಪೊಲೀಸರು ಅಶ್ಲೀಲ ಪ್ರಕಟಣೆಗಳ ಕಾನೂನಿನಡಿ ಇದರ ಸಾವಿರಾರು ಪ್ರತಿಗಳನ್ನು ವಶಪಡಿಸಿಕೊಂಡರು. ಆದರೆ ಅದು ಕಾನೂನಿನ ಅರ್ಥದಲ್ಲಿ ಅಶ್ಲೀಲವಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು.

ಪಟ್ಟಿಯ ತುದಿ ತಲುಪಿದ ಅದೇ ವರ್ಷ ಡ್ರೆ ಕೂಡ ಹಣದ ವಿಷಯಕ್ಕೇ ಬೇಸತ್ತು ಹೊರನಡೆದರು. ಅವರನ್ನು ಕರೆದೊಯ್ದ ಷುಗ್ ನೈಟ್ ಎಂಬಾತ, ಬಿಡುಗಡೆ ಪತ್ರಕ್ಕೆ ಬೆದರಿಸಿ ಸಹಿ ಹಾಕಿಸಿಕೊಂಡನೆಂದು ಈಜಿ-ಇ ಆರೋಪಿಸಿ ಮೊಕದ್ದಮೆ ಹೂಡಿದ. ಅದು ವಜಾ ಆಯಿತು. ಡ್ರೆ 1992ರಲ್ಲಿ 'ದಿ ಕ್ರಾನಿಕ್' ಆಲ್ಬಂ ಮೂಲಕ ದೊಡ್ಡ ಯಶಸ್ಸು ಕಂಡರು. ಗೆಳೆಯರು ಪರಸ್ಪರ ಹಾಡುಗಳಲ್ಲೇ ಬೈದಾಡಿಕೊಂಡರು. ಹೆಲ್ಲರ್ ವಿರುದ್ಧ ಐಸ್ ಕ್ಯೂಬ್ ಬರೆದ ಹಾಡು ಯಹೂದಿ ದ್ವೇಷವನ್ನು ಬಿತ್ತುತ್ತದೆಂಬ ಟೀಕೆಗೂ ಗುರಿಯಾಯಿತು.

1995ರ ಮಾರ್ಚ್‌ನಲ್ಲಿ ತನಗೆ ಏಡ್ಸ್ ತಗುಲಿದೆ ಎಂದು ಈಜಿ-ಇ ಬಹಿರಂಗಪಡಿಸಿದ. ಹತ್ತೇ ದಿನಗಳಲ್ಲಿ, ಮಾರ್ಚ್ 26ರಂದು, ಲಾಸ್ ಏಂಜಲೀಸ್‌ನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಜಗಳವಾಡಿ ದೂರವಾದ ಗೆಳೆಯರು ಅಷ್ಟರಲ್ಲಿ ರಾಜಿಯಾಗಿದ್ದರೂ, ತಂಡ ಮತ್ತೆ ಮೊದಲಿನಂತೆ ಕೂಡುವ ಸಾಧ್ಯತೆ ಅಲ್ಲಿಗೆ ಮುಗಿಯಿತು.

ಹಾಡು ಹೇಳಿದ್ದು ನಿಜವೇ?

1991ರ ಮಾರ್ಚ್ 3ರಂದು ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣದ ವ್ಯಕ್ತಿಯನ್ನು ಲಾಸ್ ಏಂಜಲೀಸ್ ಪೊಲೀಸರು ಲಾಠಿಗಳಿಂದ ಥಳಿಸಿದ್ದನ್ನು ಅಲ್ಲಿನ ನಿವಾಸಿಯೊಬ್ಬರು ತಮ್ಮ ಮನೆಯಿಂದ ಚಿತ್ರೀಕರಿಸಿದರು. ತನಿಖೆಗೆ ನೇಮಕವಾದ ಕ್ರಿಸ್ಟೋಫರ್ ಆಯೋಗ, ಗಣನೀಯ ಸಂಖ್ಯೆಯ ಪೊಲೀಸರು ಮತ್ತೆ ಮತ್ತೆ ಅತಿಯಾದ ಬಲ ಪ್ರಯೋಗಿಸುತ್ತಿದ್ದಾರೆಂದು ವರದಿ ನೀಡಿತು. 1992ರ ಏಪ್ರಿಲ್ 29ರಂದು ಆರೋಪಿ ಪೊಲೀಸರು ಬಹುತೇಕ ಖುಲಾಸೆಗೊಂಡಾಗ ಭುಗಿಲೆದ್ದ ಗಲಭೆಯಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ನಷ್ಟ ಸುಮಾರು 100 ಕೋಟಿ ಡಾಲರ್. ನಾಲ್ಕು ವರ್ಷ ಹಿಂದೆ ಅತಿರೇಕವೆಂದು ತಳ್ಳಿಹಾಕಿದ್ದ ದೂರುಗಳಿಗೆ ಈಗ ಅಧಿಕೃತ ಆಯೋಗವೊಂದರ ಮುದ್ರೆ ಬಿದ್ದಿತ್ತು.

ಐಸ್ ಕ್ಯೂಬ್ ಚಿತ್ರನಟರಾದರು. ಡಾ. ಡ್ರೆ ತಮ್ಮ ಹೆಡ್‌ಫೋನ್ ಕಂಪನಿ 'ಬೀಟ್ಸ್' ಅನ್ನು 2014ರಲ್ಲಿ ಆ್ಯಪಲ್ ಸಂಸ್ಥೆಗೆ 300 ಕೋಟಿ ಡಾಲರ್‌ಗೆ ಮಾರಿದ ಪಾಲುದಾರರಲ್ಲಿ ಒಬ್ಬರು. ಅವರ ಸಂಗೀತ ಕಂಪನಿಯ ಹೆಸರು ಭಾರತದಲ್ಲೂ ಒಮ್ಮೆ ಕೇಳಿಬಂದಿತ್ತು. 2002ರಲ್ಲಿ ಆ ಕಂಪನಿ ಹೊರತಂದ ಹಾಡಿನಲ್ಲಿ ಲತಾ ಮಂಗೇಶ್ಕರ್ ಹಾಡಿದ ಹಿಂದಿ ಚಿತ್ರಗೀತೆಯ ಭಾಗವನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಲಾಸ್ ಏಂಜಲೀಸ್‌ನಲ್ಲಿ ದಾವೆ ಹೂಡಿದರು. ಅವರ ಹೆಸರು ನಮೂದಿಸದೆ ಮಾರಾಟ ಮಾಡಕೂಡದೆಂದು ನ್ಯಾಯಾಲಯ 2003ರಲ್ಲಿ ಆದೇಶಿಸಿತು. ತನಗೆ ಸಲ್ಲಬೇಕಾದ ಪಾಲು ಸಿಗಲಿಲ್ಲವೆಂದು ತಂಡ ತೊರೆದವರ ಕಂಪನಿಯೇ ಈ ಬಾರಿ ಪ್ರತಿವಾದಿಯಾಗಿತ್ತು.

2016ರಲ್ಲಿ ತಂಡಕ್ಕೆ 'ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್' ಗೌರವ ದೊರೆಯಿತು. ಕಾಂಪ್ಟನ್‌ನವರೇ ಆದ ಕೆಂಡ್ರಿಕ್ ಲಾಮಾರ್ ಅಂದು ತಂಡವನ್ನು ಪರಿಚಯಿಸಿದರು. ಸಂರಕ್ಷಿಸಬೇಕಾದ ಧ್ವನಿಮುದ್ರಿಕೆಗಳ ಅಧಿಕೃತ ಪಟ್ಟಿಗೆ 'ಸ್ಟ್ರೇಟ್ ಔಟಾ ಕಾಂಪ್ಟನ್' ಅನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ಸೇರಿಸಿತು. ಒಂದು ಸರ್ಕಾರಿ ಸಂಸ್ಥೆ ಖಂಡಿಸಿದ ಆಲ್ಬಂ ಅನ್ನು 28 ವರ್ಷಗಳ ಬಳಿಕ ಇನ್ನೊಂದು ಸರ್ಕಾರಿ ಸಂಸ್ಥೆ ಜತನವಾಗಿ ಕಾಪಿಡಲು ನಿರ್ಧರಿಸಿತು.

ಹಾಡಿನ ಸಾಹಿತ್ಯವನ್ನು ಹಾಡುಗಾರನ ವಿರುದ್ಧ ಸಾಕ್ಷ್ಯವಾಗಿ ಬಳಸುವ ಪರಿಪಾಠ ಮಾತ್ರ ಅಮೆರಿಕದ ನ್ಯಾಯಾಲಯಗಳಲ್ಲಿ ಮುಂದುವರಿಯಿತು. ಅದಕ್ಕೆ ಮಿತಿ ಹಾಕುವ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ ರಾಜ್ಯ 2022ರಲ್ಲಿ ಅಂಗೀಕರಿಸಿತು. ಅಣಕು ನ್ಯಾಯಾಲಯದಲ್ಲಿ ಪೊಲೀಸರನ್ನು ನಿಲ್ಲಿಸಿದ ಆ ಹಾಡು ಹೊರಬಂದು ಆಗ 34 ವರ್ಷಗಳಾಗಿದ್ದವು.